ಸಾಹೇಬರ ಅಭಾವ: ಆಪ್ತಸಹಾಯಕ ಶಾಸ್ತ್ರಕ್ಕೊಂದು ಪೀಠಿಕೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಬಾಗಿಲಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಒಳಗೆ ಹೋಗಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ವಿಷಯ ಯಾವುದು, ಪ್ರಯೋಜನವೇನು, ಓದಲು ಯಾರು ಅರ್ಹರು, ಇವಕ್ಕೆಲ್ಲ ಒಂದಕ್ಕೊಂದು ಏನು ಸಂಬಂಧ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ವೇದಾಂತಿಗಳು ಗ್ರಂಥಕ್ಕೊಂದು ಸಲ ಕೇಳುವ ಈ ನಾಲ್ಕು ಪ್ರಶ್ನೆಗಳನ್ನು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಚೇಂಬರಿನ ಹೊರಗೆ ಕೂತ ಆಪ್ತಸಹಾಯಕರು, ಅಂದರೆ ಊರೆಲ್ಲ ಪಿ.ಎ. ಎಂದು ಕರೆಯುವವರು, ದಿನವಿಡೀ ಕೇಳುತ್ತಲೇ ಇರುತ್ತಾರೆ: "ಏನು ವಿಷಯ? ಏನಾಗಬೇಕಿತ್ತು? ನೀವು ಯಾರು? ಯಾರ ಕಡೆಯವರು?" ಇಷ್ಟು ಶಾಸ್ತ್ರೋಕ್ತವಾಗಿ ನಡೆಯುವ ಉದ್ಯೋಗಕ್ಕೆ ಈವರೆಗೆ ಒಂದು ಶಾಸ್ತ್ರ ಇಲ್ಲದಿರುವುದು ನಾಚಿಕೆಯ ಸಂಗತಿ. ಶೀಘ್ರಲಿಪಿಗೆ ಪರೀಕ್ಷೆ ಇದೆ, ಬೆರಳಚ್ಚಿಗೆ ಪರೀಕ್ಷೆ ಇದೆ. ಬಂದವರ ಮುಖ ನೋಡಿ ಮಾತಾಡುವುದಕ್ಕೆ ಜೂನಿಯರ್ ಗ್ರೇಡೂ ಇಲ್ಲ, ಸೀನಿಯರ್ ಗ್ರೇಡೂ ಇಲ್ಲ.

ಮೊದಲು ಲಕ್ಷಣ. ಕರ್ನಾಟಕದಲ್ಲಿ ಕಾರ್ಯದರ್ಶಿಗಳಿಗೆ ಬರವಿಲ್ಲ. ಇಲಾಖೆಯ ಪ್ರಧಾನ ಕಾರ್ಯದರ್ಶಿಯಿಂದ ಹಿಡಿದು ಹಾಲಿನ ಸೊಸೈಟಿಯ ಕಾರ್ಯದರ್ಶಿ, ಗಣೇಶೋತ್ಸವ ಸಮಿತಿಯ ಜಂಟಿ ಕಾರ್ಯದರ್ಶಿಯವರೆಗೆ ಆ ಹೆಸರು ಹಬ್ಬಿದೆ. ಅವರಾರೂ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಪ್ರಧಾನ ಕಾರ್ಯದರ್ಶಿಗೆ ಅವರದೇ ಪಿ.ಎ. ಇರುತ್ತಾರೆ, ಗಣೇಶೋತ್ಸವದವರಿಗೆ ರಸೀದಿ ಪುಸ್ತಕ ಇರುತ್ತದೆ. ನಮ್ಮ ಲಕ್ಷಣ ಹೀಗಿದೆ: ಕೊಡಬಲ್ಲವರು ಕೇಳಿಸಿಕೊಳ್ಳಲಾಗದಾಗ, ತಾನು ಕೊಡಲಾರೆನೆಂದು ಗೊತ್ತಿದ್ದೂ ಕೇಳಿಸಿಕೊಳ್ಳುವವರು ಆಪ್ತಸಹಾಯಕರು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಇರಬಾರದು ಎನ್ನುತ್ತಾರೆ. ಇಲ್ಲಿ ಅತಿವ್ಯಾಪ್ತಿ ಸ್ಪಷ್ಟವಾಗಿದೆ, ಏಕೆಂದರೆ ಈ ಮಾತು ದೇವಸ್ಥಾನದ ಅರ್ಚಕರಿಗೂ ಹೊಂದುತ್ತದೆ. ಆದ್ದರಿಂದ "ತಟ್ಟೆ ಇಟ್ಟುಕೊಳ್ಳದೆ" ಎಂಬ ವಿಶೇಷಣ ಸೇರಿಸತಕ್ಕದ್ದು. ಹೀಗೆ ಮಾಡಿದಾಗ ಮೇಜಿನ ಕೆಳಗೆ ತಟ್ಟೆ ಇಟ್ಟುಕೊಂಡ ಕೆಲವು ಪಿ.ಎ.ಗಳು ಲಕ್ಷಣದಿಂದ ಹೊರಬೀಳುತ್ತಾರಲ್ಲ ಎಂದರೆ, ಬೀಳಲಿ.

ಪೂರ್ವ ನಿದರ್ಶನಗಳು

ಪುರಾಣಗಳಲ್ಲಿ ಈ ಹುದ್ದೆಯ ದೊಡ್ಡ ಪ್ರಕರಣ ವೈಕುಂಠದ್ದು. ಏಳನೆಯ ಬಾಗಿಲಲ್ಲಿ ಜಯ-ವಿಜಯರು ಡ್ಯೂಟಿಯಲ್ಲಿದ್ದಾರೆ. ಸನಕಾದಿ ನಾಲ್ವರು ಬರುತ್ತಾರೆ. ಲೆಕ್ಕಕ್ಕೆ ಬ್ರಹ್ಮನ ಹಿರಿಮಕ್ಕಳು, ಕಣ್ಣಿಗೆ ಐದು ವರ್ಷದ ಹುಡುಗರು, ಮೈಮೇಲೆ ಬಟ್ಟೆಯಿಲ್ಲ. ದ್ವಾರಪಾಲಕರು ತಡೆಯುತ್ತಾರೆ, ಋಷಿಗಳು ಶಪಿಸುತ್ತಾರೆ. ಈ ಪ್ರಕರಣವನ್ನು ಭಕ್ತರು ವಿಷ್ಣುವಿನ ಲೀಲೆಯೆಂದು ಓದುತ್ತಾರೆ. ಆಡಳಿತ ಸುಧಾರಣೆಯ ದೃಷ್ಟಿಯಿಂದ ಓದಿದವರು ಕಡಿಮೆ. ತಡೆದದ್ದು ತಪ್ಪಲ್ಲ, ತಡೆಯುವುದಕ್ಕೇ ಅವರನ್ನು ಅಲ್ಲಿ ನಿಲ್ಲಿಸಿದ್ದು. ವೇಷ ನೋಡಿ ಅಳೆದದ್ದು ಮೊದಲ ತಪ್ಪು. ತಡೆದ ಮೇಲೆ ನಿಲ್ಲಿಸಿಯೇ ಮಾತಾಡಿದ್ದು ಎರಡನೆಯದು, ಮತ್ತು ದೊಡ್ಡದು. "ಕೂತಿರಿ ಸ್ವಾಮಿ, ಒಳಗೆ ಒಂದು ಮಾತು ಹೇಳಿ ಬರ್ತೀನಿ" ಎಂದಿದ್ದರೆ ಹಿರಣ್ಯಕಶಿಪು, ರಾವಣ, ಶಿಶುಪಾಲರು ಹುಟ್ಟುವ ಪ್ರಮೇಯವೇ ಬರುತ್ತಿರಲಿಲ್ಲ. ಒಂದು ಕುರ್ಚಿ ಮೂರು ಯುಗಗಳ ಯುದ್ಧ ಉಳಿಸುತ್ತಿತ್ತು. ಗಲಾಟೆ ಕೇಳಿ ವಿಷ್ಣುವೇ ಹೊರಗೆ ಬಂದು, ಸೇವಕರ ತಪ್ಪು ಯಜಮಾನನ ತಪ್ಪೇ ಎಂದು ಒಪ್ಪಿಕೊಂಡನೆಂದು ಭಾಗವತ ಹೇಳುತ್ತದೆ. ಈ ಭಾಗವನ್ನು ನಮ್ಮ ಸಾಹೇಬರುಗಳು ಓದಿದಂತೆ ಕಾಣುವುದಿಲ್ಲ. ಅವರ ಪಾಠಾಂತರ ಬೇರೆ: "ನಮ್ಮ ಪಿ.ಎ. ನನಗೆ ಹೇಳಲೇ ಇಲ್ಲವಲ್ಲ!"

ಕೈಲಾಸದ ವ್ಯವಸ್ಥೆ ಇದಕ್ಕಿಂತ ವಾಸಿ. ನಂದಿ ಭಕ್ತರಿಗೆ ಬೆನ್ನು ಕೊಟ್ಟು ಕೂತಿದ್ದರೂ ಕಿವಿ ಕೊಟ್ಟಿದ್ದಾನೆ. ಜನ ಬಗ್ಗಿ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಆಗುತ್ತದೆ ಎಂದು ಅವನು ಯಾರಿಗೂ ಮಾತು ಕೊಟ್ಟಿಲ್ಲ, ಯಾರ ಕಡೆಯವರೆಂದು ಯಾರನ್ನೂ ಕೇಳಿಲ್ಲ, ಒಬ್ಬರ ಅಹವಾಲನ್ನು ಇನ್ನೊಬ್ಬರಿಗೆ ಹೇಳಿದ ದೂರೂ ಇಲ್ಲ. ಹೇಳಿದ್ದು ಒಳಗೆ ತಲುಪಿತೋ ಇಲ್ಲವೋ ಎಂಬುದಕ್ಕೆ ದಾಖಲೆ ಮಾತ್ರ ಸಿಗುವುದಿಲ್ಲ. ಆ ಒಂದು ಕೊರತೆ ಇಂದಿಗೂ ಮುಂದುವರಿದಿದೆ.

ದೇವಲೋಕದಿಂದ ಇಳಿದರೆ ಕೌಟಿಲ್ಯ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ, ರಾಜಶಾಸನ ಬರೆಯುವವರಿಗೆಂದೇ ಒಂದು ಅಧ್ಯಾಯವಿದೆ. ಬರಹದ ದೋಷಗಳು ಅಲ್ಲಿ ಐದು: ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ. ಇವು ಬರಹಕ್ಕಿಂತ ಮುಖಕ್ಕೇ ಹೆಚ್ಚು ಅನ್ವಯಿಸುತ್ತವೆ ಎಂಬುದು ನಮ್ಮ ಮತ. ಮಾಸಿದ ಓಲೆ, ಅಂಕುಡೊಂಕು ಅಕ್ಷರ ಅಕಾಂತಿಯಾದರೆ, ರಿಜಿಸ್ಟರಿನಿಂದ ತಲೆಯೆತ್ತದ ಮುಖ ಇನ್ನೆಂಥ ಕಾಂತಿ? ಹಿಂದೆ ಹೇಳಿದ್ದಕ್ಕೆ ಮುಂದೆ ಹೇಳಿದ್ದು ವಿರುದ್ಧವಾದರೆ ವ್ಯಾಘಾತ. ಬೆಳಿಗ್ಗೆ "ಟೂರಿನಲ್ಲಿದ್ದಾರೆ" ಎಂದು, ಮಧ್ಯಾಹ್ನ ಅದೇ ವ್ಯಕ್ತಿಗೆ "ಊಟಕ್ಕೆ ಹೋದರು" ಎನ್ನುವುದು ಅದರ ಶುದ್ಧ ಉದಾಹರಣೆ. ಉಳಿದ ಮೂರಕ್ಕೆ ಓದುಗರೇ ತಮ್ಮ ಊರಿನ ಕಚೇರಿಯಿಂದ ನಿದರ್ಶನ ಹುಡುಕಿಕೊಳ್ಳಲಿ. ಅದಕ್ಕಿಂತ ಮುಖ್ಯವಾದ ಮಾತು ಅದೇ ಗ್ರಂಥದ ಮೊದಲನೆಯ ಅಧಿಕರಣದಲ್ಲಿದೆ. ಕೆಲಸಕ್ಕಾಗಿ ಬಂದವರನ್ನು ರಾಜ ಬಾಗಿಲಲ್ಲಿ ಕಾಯಿಸಬಾರದು. ಜನರ ಕಣ್ಣಿಗೆ ಬೀಳದ ರಾಜನ ಕೈಯಲ್ಲಿ ಹತ್ತಿರದವರು ಮಾಡಬೇಕಾದ್ದನ್ನು ಬಿಡಿಸಿ ಮಾಡಬಾರದ್ದನ್ನು ಮಾಡಿಸುತ್ತಾರೆ ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳ ಹಿಂದೆಯೇ ಪಿ.ಎ.ಗಳ ಮೇಲೆ ಗುಮಾನಿ ಇತ್ತು ಎಂಬುದು ಇದರಿಂದ ಸಿದ್ಧ.

ಅಭಾವ ನಿರೂಪಣೆ

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಆಪ್ತಸಹಾಯಕರು ವೃತ್ತಿಜೀವನದಲ್ಲಿ ಅತಿ ಹೆಚ್ಚು ಸಲ ಹೇಳುವ ವಾಕ್ಯ "ಸಾಹೇಬರು ಇಲ್ಲ". ಈ "ಇಲ್ಲ" ಒಂದೇ ಎಂದು ಬೆಂಚಿನ ಮೇಲೆ ಕೂತವರು ತಿಳಿಯುತ್ತಾರೆ. ಅದು ಅಜ್ಞಾನ. ಅಭಾವ ನಾಲ್ಕು ಬಗೆ ಎಂದು ಅನ್ನಂಭಟ್ಟನ ತರ್ಕಸಂಗ್ರಹ ಬಾಲಕರಿಗೇ ಕಲಿಸುತ್ತದೆ. ನಾಲ್ಕನ್ನೂ ಯಾವುದೇ ಜಿಲ್ಲಾ ಕಚೇರಿಯಲ್ಲಿ ಒಂದೇ ಪೂರ್ವಾಹ್ನದಲ್ಲಿ ಕಾಣಬಹುದು.

ಒಂದು, ಪ್ರಾಗಭಾವ. ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ. "ಇನ್ನೂ ಬಂದಿಲ್ಲ." ಇದಕ್ಕೆ ಆದಿಯಿಲ್ಲ, ಅಂತ್ಯವಿದೆ ಎಂದು ತಾರ್ಕಿಕರು ಹೇಳುತ್ತಾರೆ. ಅಂತ್ಯವಿದೆ ಎಂಬ ನಂಬಿಕೆಯಿಂದಲೇ ಜನ ಬೆಂಚಿನ ಮೇಲೆ ಕೂತಿರುವುದು.

ಎರಡು, ಪ್ರಧ್ವಂಸಾಭಾವ. ಗಡಿಗೆ ಒಡೆದ ಮೇಲಿನ ಇಲ್ಲದಿರುವಿಕೆ. "ಅಯ್ಯೋ, ಈಗ ತಾನೇ ಹೊರಟರಲ್ರೀ!" ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಶಾಸ್ತ್ರ ಇಷ್ಟು ಕರಾರುವಾಕ್ಕಾಗಿರುವುದನ್ನು ಕಂಡರೆ ರೋಮಾಂಚವಾಗುತ್ತದೆ, ಏಕೆಂದರೆ ಈಗ ತಾನೇ ಹೊರಟ ಸಾಹೇಬರು ಅಂದು ತಿರುಗಿ ಬಂದ ಉದಾಹರಣೆ ಲೋಕದಲ್ಲಿಲ್ಲ. ಒಂದರ ಹಿಂದೆ ಒಂದು ಬರುವ ಈ ಎರಡು ಅಭಾವಗಳ ನಡುವೆ ಸಾಹೇಬರು ಇದ್ದದ್ದಾದರೂ ಯಾವಾಗ ಎಂಬ ಪ್ರಶ್ನೆಯನ್ನು ಅರ್ಜಿದಾರರು ಎತ್ತುವುದುಂಟು. ಅದು ಕುತರ್ಕ.

ಮೂರು, ಅತ್ಯಂತಾಭಾವ. ಗಾಳಿಗೆ ಬಣ್ಣವಿಲ್ಲ ಎಂಬಂತೆ, ಹಿಂದೆ, ಈಗ, ಮುಂದೆ, ಮೂರು ಕಾಲಕ್ಕೂ ಇಲ್ಲ. ಇದು ಕೆಲವೇ ವರ್ಗದ ಜನರಿಗೆ ಮೀಸಲು: ವಿಮಾ ಏಜೆಂಟರು, ಸನ್ಮಾನ ಮಾಡುತ್ತೇವೆಂದು ಬಂದು ಜಾಹೀರಾತು ಕೇಳುವವರು, ಸಾಹೇಬರ ಕಾಲೇಜು ಸಹಪಾಠಿ ಎಂದು ಹೇಳಿಕೊಳ್ಳುವವರು. ಇವರಿಗೆ ಅತ್ಯಂತಾಭಾವ ಹೇಳುವಾಗಲೂ ನಗುಮುಖ ಇರಬೇಕು, ಏಕೆಂದರೆ ನೂರರಲ್ಲಿ ಒಬ್ಬ ನಿಜವಾದ ಸಹಪಾಠಿ ಇರುತ್ತಾನೆ.

ನಾಲ್ಕು, ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಇದು ಅದಲ್ಲ. "ನಿಮ್ಮ ಕೆಲಸಕ್ಕೆ ಈ ಸಾಹೇಬರಲ್ಲ, ಅವರು." ಈ ನಾಲ್ಕನೆಯದೇ ಉತ್ತಮವೆಂಬುದು ನಮ್ಮ ಸಿದ್ಧಾಂತ. ಮೊದಲ ಮೂರೂ ಬಂದವರಿಂದ ಏನನ್ನೋ ಕಿತ್ತುಕೊಂಡು ಕಳಿಸುತ್ತವೆ. ನಾಲ್ಕನೆಯದು ಕೈಯಲ್ಲಿ ಏನನ್ನೋ ಇಟ್ಟು ಕಳಿಸುತ್ತದೆ. ಯಾವ ಮೇಜು, ಯಾವ ಮಹಡಿ, ಯಾವ ದಿನ, ಯಾವ ಸಂಖ್ಯೆ. "ಇಲ್ಲ" ಎನ್ನುವುದು ಎಲ್ಲರಿಗೂ ಬರುತ್ತದೆ, ಅದರ ಜೊತೆ ಒಂದು ವಿಳಾಸ ಕೊಡುವುದಕ್ಕೆ ಮಾತ್ರ ವಿದ್ಯೆ ಬೇಕು.

ನೈಯಾಯಿಕರಿಗೆ ತಿಳಿಯದ ಐದನೆಯದೊಂದು ಕೋವಿಡ್ ಕಾಲದಿಂದೀಚೆಗೆ ತುಂಬ ಬೆಳೆದಿದೆ. "ಸಾಹೇಬರು ವಿ.ಸಿ.ಯಲ್ಲಿದ್ದಾರೆ." ಒಳಗೇ ಇದ್ದಾರೆ, ಕುರ್ಚಿಯ ಮೇಲೇ ಇದ್ದಾರೆ, ಅವರ ಕೆಮ್ಮು ಹೊರಗೆ ಕೇಳಿಸುತ್ತದೆ, ಆದರೂ ಬೆಂಗಳೂರಿನ ಪರದೆಯ ಮೇಲೆ ಒಂದು ಚೌಕದೊಳಗಿದ್ದಾರೆ. ಇದನ್ನು ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತಿಲ್ಲ. ಅದ್ವೈತಿಗಳು ಮಾಯೆಗೆ ಇಟ್ಟ ಅನಿರ್ವಚನೀಯ ಎಂಬ ಹೆಸರೇ ಇದಕ್ಕೂ ತಕ್ಕದ್ದು.

ಬೆಂಚಿನವರ ತರ್ಕ

ಬಂದವರು ಸುಮ್ಮನೆ ಕೂತಿರುತ್ತಾರೆಂದು ತಿಳಿಯಬಾರದು. ಅವರು ಅನುಮಾನ ಪ್ರಮಾಣದಲ್ಲಿ ನಿಷ್ಣಾತರು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಐದು ಅವಯವಗಳ ವಾಕ್ಯವನ್ನು ಪಕ್ಕದವರ ಕಿವಿಯಲ್ಲಿ ಕಟ್ಟುತ್ತಾರೆ. ಪ್ರತಿಜ್ಞೆ: ಸಾಹೇಬರು ಒಳಗಿದ್ದಾರೆ. ಹೇತು: ಪೋರ್ಟಿಕೋದಲ್ಲಿ ಕಾರು ನಿಂತಿದೆ. ಉದಾಹರಣೆ: ಎಲ್ಲಿ ಆ ಕಾರೋ ಅಲ್ಲಿ ಸಾಹೇಬರು, ಹೋದ ತಿಂಗಳ ಜನತಾದರ್ಶನದಲ್ಲಿ ನೋಡಲಿಲ್ಲವೇ? ಉಪನಯ: ಇಲ್ಲೂ ಅದೇ ಕಾರು. ನಿಗಮನ: ಆದ್ದರಿಂದ ಒಳಗಿದ್ದಾರೆ, ಈ ಪಿ.ಎ. ಸುಳ್ಳು ಹೇಳುತ್ತಿದ್ದಾನೆ.

ಇದರಲ್ಲಿ ಹೇತು ದುಷ್ಟ. ಸಾಹೇಬರು ಇನ್ನೊಬ್ಬ ಅಧಿಕಾರಿಯ ಜೀಪಿನಲ್ಲಿ ಸ್ಥಳ ಪರಿಶೀಲನೆಗೆ ಹೋಗಿರಬಹುದು. ಹಾಗಾಗಿ ಬೆಂಚಿನ ಹಿರಿಯರು ಕಾರನ್ನು ನಂಬದೆ ಕಾಫಿಯನ್ನು ನಂಬುತ್ತಾರೆ. ದಲಾಯತರು ಸಾಸರ್ ಮುಚ್ಚಿದ ಕಪ್ಪನ್ನು ಒಳಗೆ ಒಯ್ದರೆ ಅಲ್ಲಿ ಕುಡಿಯುವವರು ಇದ್ದೇ ಇರಬೇಕು. ಇಂಥ ಘಳಿಗೆಯಲ್ಲಿ "ಇಲ್ಲ" ಎಂದ ಪಿ.ಎ.ಯ ಮಾತಿನ ಮೇಲೆ ಮುಂದೆ ವರ್ಷಗಟ್ಟಲೆ ಯಾರೂ ನಂಬಿಕೆ ಇಡುವುದಿಲ್ಲ. ಆದ್ದರಿಂದ ನಿಪುಣರು ಅಭಾವವನ್ನು ಬಿಟ್ಟು ಭಾವವನ್ನೇ ಹೇಳುತ್ತಾರೆ: "ಇದ್ದಾರೆ. ಹನ್ನೆರಡರವರೆಗೆ ಯಾರನ್ನೂ ಬಿಡಬೇಡ ಅಂದಿದ್ದಾರೆ. ಹನ್ನೆರಡಕ್ಕೆ ನಿಮ್ಮ ಹೆಸರೇ ಮೊದಲು." ನಿಜ ಹೇಳಿಸಿಕೊಂಡವರು ಎರಡು ತಾಸು ಕೂರುತ್ತಾರೆ. ಸುಳ್ಳು ಹೇಳಿಸಿಕೊಂಡವರು ಹತ್ತು ನಿಮಿಷಕ್ಕೆ ಶಾಸಕರಿಗೆ ಫೋನು ಹಚ್ಚುತ್ತಾರೆ.

ಅನ್ಯೋನ್ಯಾಭಾವದ ಪ್ರಯೋಗವನ್ನು ಹಳೇ ಮೈಸೂರು ಕಡೆಯ ಒಂದು ಜಿಲ್ಲಾ ಕಚೇರಿಯಲ್ಲಿ ನೋಡಿದ್ದು ಹೀಗೆ. ಎಪ್ಪತ್ತರ ಆಸುಪಾಸಿನ ಹೆಂಗಸು, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ-ಪತ್ರ. ಆಪ್ತಸಹಾಯಕಿಗೆ ನಲವತ್ತು ಇರಬಹುದು, ಒಂದು ಕಿವಿಗೆ ಫೋನು ಒತ್ತಿಕೊಂಡಿದ್ದವರು ಕೈಯಲ್ಲೇ ಕುರ್ಚಿ ತೋರಿಸಿದರು.

"ದೊಡ್ ಸಾಯೇಬ್ರನ್ನ ನೋಡ್ಬೇಕು ಕಣವ್ವ."

"ನೋಡೋಣ ಅಜ್ಜಿ, ಮೊದ್ಲು ಕೂತ್ಕೊಳ್ಳಿ. ಏನಾಯ್ತು?"

"ಸಂಬ್ಳ ನಿಂತೋಗದೆ."

ಸಂಬಳವೆಂದರೆ ಸಂಧ್ಯಾ ಸುರಕ್ಷಾ ಪಿಂಚಣಿ. ಆಕೆ ಫೋನಿಟ್ಟು, ಕವರಿನಿಂದ ಪಾಸ್‌ಬುಕ್ ತೆಗೆದು ಕೊನೆಯ ಪುಟ ನೋಡಿದರು. ಅದರಲ್ಲಿ ಎಷ್ಟೋ ತಿಂಗಳಿಂದ ಎಂಟ್ರಿಯೇ ಹಾಕಿಸಿರಲಿಲ್ಲ. ಹಣ ಬಂದಿದೆಯೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲವೆಂದಾಯಿತು. ಸಾಹೇಬರ ಹತ್ತಿರ ಬಿಟ್ಟಿದ್ದರೆ ಅರ್ಜಿಯ ಮೂಲೆಯಲ್ಲಿ "ಪರಿಶೀಲಿಸಿ ನಿಯಮಾನುಸಾರ ಕ್ರಮ" ಎಂದು ಬಿದ್ದು, ಅದು ತಹಶೀಲ್ದಾರರಿಗೆ ಟಪಾಲಿನಲ್ಲಿ ಹೋಗಿ, ಅಜ್ಜಿ ಇನ್ನಷ್ಟು ದಿನ ಕಾಯುತ್ತಿದ್ದರು. ಆಕೆ ಹಳೆಯ ಆಮಂತ್ರಣ ಪತ್ರಿಕೆಯೊಂದರ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬರೆದರು: ಮೊದಲು ಬ್ಯಾಂಕು, ಎಂಟ್ರಿ ಹಾಕಿಸಿ ಆಧಾರ್ ಜೋಡಣೆ ಕೇಳಬೇಕು, ಆಮೇಲೆ ನಾಡಕಚೇರಿ.

"ಇದನ್ನ ಬ್ಯಾಂಕಲ್ಲಿ ತೋರ್ಸಿ. ಇವತ್ತು ಹೋಗ್ಬೇಡಿ, ನೀವು ಊರು ಸೇರೋದ್ರೊಳಗೆ ಮುಚ್ಚಿರತ್ತೆ. ನಾಳೆ ಬೆಳಿಗ್ಗೆ ಹೋಗಿ. ಸುಮ್ನೆ ಇಲ್ಲೀತನಕ ಬಂದ್ರಲ್ಲ."

"ಬಸ್ಸೇನೋ ಫ್ರೀ ಐತೆ ಕಣವ್ವ, ಕಾಲೇ ಬರಾಕಿಲ್ಲ ಅಂತವೆ."

ಅಜ್ಜಿ ಸಾಹೇಬರನ್ನು ನೋಡದೆಯೇ ಹೋದರು, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಹೋದ ಮೇಲೆ ಆಪ್ತಸಹಾಯಕಿ ಆ ಕಡೆಯ ಗ್ರಾಮ ಆಡಳಿತಾಧಿಕಾರಿಗೆ ಫೋನು ಮಾಡಿ ಅಜ್ಜಿಯ ಹೆಸರು, ಊರು ಬರೆಸಿದರು. ಈ ಕೊನೆಯ ಕರೆ ಯಾವ ಕರ್ತವ್ಯಪಟ್ಟಿಯಲ್ಲೂ ಇಲ್ಲ. 2011ರ ಸಕಾಲ ಕಾಯ್ದೆ ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು ಕೊಟ್ಟಿತು. ಆದರೆ ತನ್ನ ಅರ್ಜಿ ಯಾವುದೆಂದೇ ಗೊತ್ತಿಲ್ಲದೆ ಬಂದವರಿಗೆ ಮೊದಲು ಸಿಗುವುದು ಇಂಥ ಮೇಜೇ.

ಒಳಗಿನ ಭಾಷೆ

ಹೊರಗಿನವರ ಜೊತೆ ನ್ಯಾಯಶಾಸ್ತ್ರ ನಡೆದರೆ ಒಳಗೆ ಬೇಕಾಗುವುದು ಅಲಂಕಾರಶಾಸ್ತ್ರ. ಸಾಹೇಬರ ಮಾತಿಗೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ವೃತ್ತಿಗಳು. "ನೋಡೋಣ" ಎಂದರೆ ಅಭಿಧೆಯಲ್ಲಿ ನೋಡುವುದು, ವ್ಯಂಜನೆಯಲ್ಲಿ ಆಗುವುದಿಲ್ಲ. "ನೋಡೋಣ ನೋಡೋಣ" ಎಂದು ಎರಡು ಸಲ ಬಂದರೆ, ಆಗುವುದಿಲ್ಲ ಮತ್ತು ಇವರನ್ನು ಕಳಿಸು. "ಕಡತದಲ್ಲಿ ಮಂಡಿಸಿ" ಎಂದರೆ ಕಾಲ ಬೇಕು. "ಚರ್ಚಿಸಿ" ಎಂದರೆ ಕಾಗದದ ಮೇಲೆ ಬರೆಯಲಾಗದ್ದು ಏನೋ ಇದೆ. ಆನಂದವರ್ಧನ ಧ್ವನಿಯನ್ನು ಕಾವ್ಯದ ಆತ್ಮವೆಂದ. ಅವನು ವಿಕಾಸಸೌಧದಲ್ಲಿ ಆರು ತಿಂಗಳು ಕೂತಿದ್ದರೆ ಆಡಳಿತದ ಆತ್ಮವೂ ಅದೇ ಎನ್ನುತ್ತಿದ್ದ. ಹದವರಿತು ಆಡಬಲ್ಲವರು, ಆಡಿದ್ದನ್ನು ಅರಿಯಬಲ್ಲವರು ಎಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಕನ್ನಡಿಗರನ್ನು ಹೊಗಳಿದ್ದು ಈ ನಾಡಿನ ಆಪ್ತಸಹಾಯಕರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇರಬೇಕು.

ಧ್ವನಿ ಅರಿತರೆ ಅರ್ಧ ಕೆಲಸವಾಯಿತು. ಉಳಿದರ್ಧ ಅದನ್ನು ಹೊರಗೆ ಸಾಗಿಸುವಾಗ ಕಾವು ಆರಿಸುವುದು. ಒಳಗೆ "ಆ ಇಂಜಿನಿಯರ್ ಎಲ್ಲಿ ಸತ್ತ?" ಎಂದದ್ದು ಫೋನಿನಲ್ಲಿ "ಸಾರ್, ಸಾಹೇಬರು ನಿಮ್ಮನ್ನು ನೆನೆಸಿಕೊಂಡರು, ಸ್ವಲ್ಪ ಬೇಗ ಬಂದರೆ ಒಳ್ಳೇದು" ಎಂದು ತಲುಪಬೇಕು. ಇಂಜಿನಿಯರಿಗೂ ಅರ್ಥವಾಗುತ್ತದೆ. "ನೆನೆಸಿಕೊಂಡರು" ಎಂಬುದಕ್ಕೆ ಅವರ ಬಳಿಯೂ ವ್ಯಾಖ್ಯಾನವಿದೆ. ಹಿಮ್ಮುಖವಾಗಿಯೂ ಇದೇ ನಿಯಮ. ಹೊರಗೆ ಗ್ರಾಮಸ್ಥರು ಕೂಗಾಡಿದ್ದನ್ನು ಒಳಗೆ ಹೇಳುವಾಗ ಬೈಗುಳ ತೆಗೆದು ಬೇಡಿಕೆ ಉಳಿಸಬೇಕು. ಬೇಡಿಕೆ ತೆಗೆದು ಬೈಗುಳ ಮಾತ್ರ ಒಯ್ಯುವವರೂ ಇದ್ದಾರೆ, ಅವರೇ ಕೌಟಿಲ್ಯ ಹೇಳಿದ ಹತ್ತಿರದವರು. ಕರೆಗಂಟೆಯಲ್ಲೂ ಹ್ರಸ್ವ, ದೀರ್ಘ, ಪ್ಲುತ ಎಂದು ಭೇದವಿದೆ. ಪ್ಲುತಕ್ಕೆ ಓಡಬೇಕು ಎಂಬಷ್ಟು ತಿಳಿದರೆ ಸಾಕು.

ಸಮಾನರ ವಿಚಾರದಲ್ಲಿ ಒಂದು ಗುಟ್ಟು ಹೇಳಬೇಕು. ಇಬ್ಬರು ಸಾಹೇಬರಿಗೆ ಮಾತುಕತೆ ನಿಂತಿದ್ದರೂ ಅವರ ಪಿ.ಎ.ಗಳ ನಡುವೆ ನಿಂತಿರುವುದಿಲ್ಲ. "ನಿಮ್ಮವರು ಮೂಡಿನಲ್ಲಿದ್ದಾರಾ?" "ಬೆಳಿಗ್ಗೆಯಿಂದ ಬಿಸಿ. ಮೂರರ ಮೇಲೆ ಕಳಿಸಿ." ಇಷ್ಟರಲ್ಲಿ ಒಂದು ಇಲಾಖೆಯ ಕಡತ ಇನ್ನೊಂದು ಇಲಾಖೆಯಲ್ಲಿ ತಿರಸ್ಕೃತವಾಗದೆ ಉಳಿಯುತ್ತದೆ. ಈ ಹವಾಮಾನ ವರದಿ ಇಲ್ಲದಿದ್ದರೆ ಅರ್ಧ ಆಡಳಿತ ಮುಂಗೋಪಕ್ಕೆ ಬಲಿಯಾಗುತ್ತಿತ್ತು. ಡ್ರೈವರ್ ಜೊತೆ ಸ್ನೇಹ ಬೇಕು, ಏಕೆಂದರೆ ಟೂರ್ ಪ್ರೋಗ್ರಾಮಿನಲ್ಲಿ ಇರುವುದು ಕಾಗದದ ಸತ್ಯ, ಡ್ರೈವರ್ ಬಳಿ ಇರುವುದು ರಸ್ತೆಯ ಸತ್ಯ. ದಲಾಯತರ ಜೊತೆ ಗೌರವ ಬೇಕು. ಕಾರಣ ಕಾಫಿಯ ಪ್ರಕರಣದಲ್ಲಿ ಬಂದಿದೆ.

ಈ ಗುಣಗಳಿಂದ ಲೌಕಿಕ ಫಲವೂ ಉಂಟೇ ಎಂದು ಕೇಳಿದರೆ ಮೈಸೂರು ಸಂಸ್ಥಾನದ ಕಡೆ ಬೆರಳು ತೋರಿಸಬಹುದು. 1926ರಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅದಕ್ಕೆ ಮುಂಚೆ ನಾಲ್ವಡಿ ಕೃಷ್ಣರಾಜ ಒಡೆಯರ ಆಪ್ತ ಕಾರ್ಯದರ್ಶಿಯಾಗಿದ್ದವರು. ಅವರು ಮಹಾರಾಜರ ಸಹಪಾಠಿಯೂ ಹೌದು. ಅತ್ಯಂತಾಭಾವದ ಪ್ರಕರಣದಲ್ಲಿ ಸಹಪಾಠಿಗಳ ಬಗ್ಗೆ ಎಚ್ಚರ ಹೇಳಿದ್ದು ಇದಕ್ಕೇ.

ಪೂರ್ವಪಕ್ಷ: ಈಗ ಕಡತಗಳೆಲ್ಲ ಇ-ಆಫೀಸಿನಲ್ಲಿ ಓಡುತ್ತವೆ, ಮೊಬೈಲಿನಲ್ಲಿ ಸಾಹೇಬರಿಗೇ ನೇರ ಸಂದೇಶ ಹಾಕಬಹುದು, ನಡುವೆ ಈ ಮೇಜು ಏಕೆ? ಸಮಾಧಾನ: ಸಂದೇಶ ಓದಿದ್ದಕ್ಕೆ ಎರಡು ನೀಲಿ ಗೆರೆ ಬೀಳುತ್ತವೆ, ಸರಿ. ಓದಿಯೂ ಉತ್ತರ ಬಾರದ ಆ ಸ್ಥಿತಿ ಮೇಲೆ ಹೇಳಿದ ಐದು ಅಭಾವಗಳಲ್ಲಿ ಯಾವುದೂ ಅಲ್ಲ. ಆರನೆಯದು, ಎಲ್ಲಕ್ಕಿಂತ ಕ್ರೂರ. ಅಲ್ಲಿ "ಕೂತ್ಕೊಳ್ಳಿ" ಎನ್ನುವವರಿಲ್ಲ. ನೀಲಿ ಗೆರೆ ಕಂಡ ಮಾರನೆಯ ದಿನ ಅದೇ ಮನುಷ್ಯ ಬಸ್ಸು ಹತ್ತಿ ಅದೇ ಬೆಂಚಿಗೆ ಬಂದು, ಮೊಬೈಲನ್ನು ಪಿ.ಎ.ಗೇ ತೋರಿಸಿ, "ಸಾಹೇಬರು ನೋಡಿದ್ದಾರೆ ಸಾರ್, ಏನಂದರು?" ಎಂದು ಕೇಳುತ್ತಾನೆ.

ಸಾಹೇಬರ ವರ್ಗಾವಣೆಯಾಗುವ ವಾರದಲ್ಲಿ ತೋರಬೇಕಾದ ನಡತೆ, ಹೊಸಬರ ಹಳೆಯ ಪಿ.ಎ.ಗೆ ಗುಟ್ಟಾಗಿ ಫೋನು ಮಾಡಿ ಸಕ್ಕರೆ ಎಷ್ಟು, ಸಿಟ್ಟು ಎಷ್ಟು ಎಂದು ವಿಚಾರಿಸುವ ವಿಧಿ, ಪತ್ರಕರ್ತರ ಪ್ರಕರಣ, ಇವನ್ನು ಪರಿಶಿಷ್ಟದಲ್ಲಿ ಸೇರಿಸಲಾಗುವುದು. ಸಾಹೇಬರ ಮನೆಯಿಂದ ಬರುವ ಫೋನುಗಳ ಅಧಿಕರಣವೊಂದು ಉಳಿಯಿತು. ಅದಕ್ಕೆ ಪ್ರತ್ಯೇಕ ಗ್ರಂಥವೇ ಬೇಕು. ಬರೆದುಕೊಡಿ ಎಂದು ನಿವೃತ್ತ ಆಪ್ತಸಹಾಯಕರೊಬ್ಬರನ್ನು ಕೇಳಿದಾಗ ಅವರು ಬಾಗಿಲು ಹಾಕಿಕೊಂಡು, ಪಿಂಚಣಿ ಇನ್ನೂ ಬರುತ್ತಿದೆಯಲ್ಲ ಎಂದರು.